ದತ್ತಾತ್ರೇಯರ ಸರ್ವರಿನಲ್ಲಿ ತಪ್ಪಿರಲಿಲ್ಲ

ಪರದೆಯ ಮೇಲೆ ಕಾಣುವ ಯಾವುದರ ಮೇಲೂ ದತ್ತಾತ್ರೇಯ ದೇಶಪಾಂಡೆಯವರಿಗೆ ಗೌರವವಿರಲಿಲ್ಲ. ಬಣ್ಣದ ಬಟನ್ನು, ಜಾರುವ ಪಟ್ಟಿ, ಕುಣಿಯುವ ಅಕ್ಷರ, ಎಲ್ಲ ಮೇಲೆ ಥಳಕು ಒಳಗೆ ಹುಳುಕು. ನಿಜವಾದ ಕೆಲಸ ನಡೆಯುವುದು ಪರದೆಯ ಹಿಂದೆ, ಸರ್ವರಿನಲ್ಲಿ, ಅದನ್ನು ಮಾಡುವವರು ತಾವು, ಉಳಿದವರದು ರಂಗೋಲಿ. ನಾಂಪಲ್ಲಿಯ ಒಂದು ಸಣ್ಣ ಕಂಪನಿಯಲ್ಲಿ ಕೂತು ಇಪ್ಪತ್ತೆರಡು ವರ್ಷ ಅವರು ಹೇಳುತ್ತ ಬಂದದ್ದು ಇದೊಂದೇ ಮಾತು. ಕೇಳುವವರು ಬದಲಾದರೇ ಹೊರತು ಮಾತು ಬದಲಾಗಲಿಲ್ಲ.

ಈ ಗುಣ ಅವರ ಸ್ವಂತ ಸಂಪಾದನೆಯೇನಲ್ಲ. ತಂದೆ ಅಲ್ಲೇ ಒಂದು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು. ಮೊಹರಿಲ್ಲದ ಅರ್ಜಿ ಬಂದರೆ ಬಾಯಿ ಬಿಡದೆ ಹಿಂದಕ್ಕೆ ತಳ್ಳುತ್ತಿದ್ದರು. ಏನು ಕಡಿಮೆಯಾಗಿದೆ ಎಂಬುದನ್ನು ಬಂದವನೇ ಪತ್ತೆ ಹಚ್ಚಬೇಕು. ಮನೆಯಲ್ಲಿ ಅದಕ್ಕೆ ಶಿಸ್ತು ಎಂದು ಹೆಸರಿತ್ತು.

ಈ ವರ್ಷ ಕಂಪನಿಗೆ ಒಂದು ಟ್ರಸ್ಟಿನ ಕೆಲಸ ಸಿಕ್ಕಿತು. ಕಟ್ಟಡ ಕೂಲಿಗಳ ಮಕ್ಕಳಿಗೆಂದು ಇರುವ ವಸತಿ ಶಾಲೆಗೆ ಫೋನಿನಲ್ಲೇ ಅರ್ಜಿ ಹಾಕುವ ಸೈಟು. ಸರ್ವರಿನ ಭಾಗ ಜಾಂಗೊ ಎಂಬ ತಂತ್ರಾಂಶದಲ್ಲಿ, ಅದು ದತ್ತಾತ್ರೇಯರದು. ಫೋನಿನಲ್ಲಿ ಕಾಣುವ ಭಾಗ ರಿಯಾಕ್ಟ್ ಎಂಬ ಇನ್ನೊಂದರಲ್ಲಿ, ಅದು ಕಲಬುರಗಿಯಿಂದ ಬಂದಿದ್ದ ಇಪ್ಪತ್ತೈದರ ಹರ್ಷದಾಳದು. ಎರಡನ್ನೂ ಬೆಸೆಯಬೇಕಾದರೆ ಇಬ್ಬರೂ ಮಾತಾಡಬೇಕು.

"ಸರ್, ಅರ್ಜಿ ಕಳಿಸೋವಾಗ ಅದರ ಜೋಡಿ ಮತ್ತೇನರ ಕಳಿಸಬೇಕೇನ್ರಿ?" ಎಂದು ಅವಳು ಕೇಳಿದ್ದಳು.

"ಡಾಕ್ಯುಮೆಂಟ್ ಅದ, ಓದ್ಕೋ," ಎಂದಿದ್ದರು ದತ್ತಾತ್ರೇಯ. ಅವಳಿಗೆ ಬೇಕಾದದ್ದು ಆ ಡಾಕ್ಯುಮೆಂಟಿನಲ್ಲಿ ಇರಲಿಲ್ಲ. ಬರೆದವರು ಅವರೇ ಆದ್ದರಿಂದ ಅವರಿಗದು ಗೊತ್ತಿತ್ತು.

ಮಿಯಾಪುರದಲ್ಲಿ ಅವರ ಅಪಾರ್ಟ್‌ಮೆಂಟಿನ ಪಕ್ಕಕ್ಕೇ ಹೊಸ ಬ್ಲಾಕು ಏಳುತ್ತಿತ್ತು. ಶಹಾಪುರದ ಕಡೆಯ ಸುಗಲಮ್ಮ ಅಲ್ಲಿ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು ಇಟ್ಟಿಗೆ ಹೊರುತ್ತಿದ್ದಳು. ಮೊಮ್ಮಗಳು ಸುವರ್ಣಾ ಐದನೆಯ ಇಯತ್ತೆ ಮುಗಿಸಿದ್ದಳು. ಕಟ್ಟಡ ಮುಗಿದಲ್ಲೆಲ್ಲ ಶಾಲೆಯೂ ಮುಗಿದು, ನಾಲ್ಕು ವರ್ಷದಲ್ಲಿ ಮೂರು ಶಾಲೆ ಕಂಡ ಹುಡುಗಿ. ಈ ವಸತಿ ಶಾಲೆಯ ಸೀಟು ಸಿಕ್ಕರೆ ಓದು, ಇಲ್ಲವಾದರೆ ಅಜ್ಜಿಯ ಹಿಂದೆ ಬುಟ್ಟಿ. ಶುಕ್ರವಾರ ಸಂಜೆ ಐದಕ್ಕೆ ಕೊನೆಯ ಗಡುವು. ಸುಗಲಮ್ಮ ಪರರಾಜ್ಯದಲ್ಲಿ ತಮ್ಮಂತೆ ಕನ್ನಡದವಳೆಂಬ ಸಲಿಗೆಗೆ ದತ್ತಾತ್ರೇಯರೇ ಕರೆದು ಹೇಳಿದ್ದರು. "ಕಾಗದ ಹಿಡಕೊಂಡು ಅಲೀಬ್ಯಾಡ. ಫೋನಿನ್ಯಾಗ ಹಾಕಸು. ಸೈಟ್ ನಂದ ಅದ."

ಸೋಮವಾರ ಸೈಟು ತೆರೆಯಿತು. ಮಂಗಳವಾರ ಬೆಳಿಗ್ಗೆ ದತ್ತಾತ್ರೇಯ ಬಂದದ್ದು ಹೋದದ್ದನ್ನೆಲ್ಲ ಬರೆದಿಡುವ ಲಾಗ್ ನೋಡಿದರೆ ಫೋನಿನಿಂದ ಬಂದ ಅರ್ಜಿಗಳನ್ನೆಲ್ಲ ಸರ್ವರು ತಳ್ಳಿಹಾಕಿತ್ತು. ಜಾಂಗೊ ತಾನೇ ಬರೆದುಕೊಟ್ಟ ಫಾರಮ್ಮಿನೊಳಗೆ ಟೋಕನ್ ಎಂಬ ಗುಟ್ಟಿನ ಗುರುತು ಇಟ್ಟಿರುತ್ತದೆ. ಅದಿಲ್ಲದೆ ಬಂದದ್ದು ಕಳ್ಳ ಅರ್ಜಿ. ಹರ್ಷದಾಳ ಫಾರಮ್ಮು ಅವಳೇ ಕಟ್ಟಿದ್ದು, ಟೋಕನ್ನನ್ನು ಅವಳೇ ಕೇಳಿ ಪಡೆದು ಕಳಿಸಬೇಕಿತ್ತು. ಸೈಟು ತೆರೆಯುವ ಮೊದಲು ಪರೀಕ್ಷೆಗೆಂದು ಇಟ್ಟಿದ್ದ ಸರ್ವರಿನಲ್ಲಿ ಈ ತಪಾಸಣೆಯನ್ನು ದತ್ತಾತ್ರೇಯರು ಬಂದ್ ಮಾಡಿಟ್ಟಿದ್ದರಿಂದ ಅವಳಿಗೆ ಸುಳಿವೇ ಸಿಕ್ಕಿರಲಿಲ್ಲ. ಅವಳದೂ ಒಂದು ತಪ್ಪಿತ್ತು. ಸರ್ವರಿನ ಉತ್ತರ ಬರುವ ಮೊದಲೇ ಅವಳ ಪರದೆ ಹಸಿರು ಗುರುತು ತೋರಿಸಿ "ಅರ್ಜಿ ತಲುಪಿದೆ" ಎಂದುಬಿಡುತ್ತಿತ್ತು.

ದತ್ತಾತ್ರೇಯರ ಹೊಟ್ಟೆ ತಣ್ಣಗಾಯಿತು. ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಹೇಳಲಿಲ್ಲ. ಶುಕ್ರವಾರ ಹನ್ನೊಂದಕ್ಕೆ ಮ್ಯಾನೇಜರ್ ಭರತನ ಮೀಟಿಂಗ್ ಇತ್ತು. ಹುಡುಗಿಯ ಮಾನವನ್ನು ನಾಲ್ಕು ಜನರೆದುರು ಕಳೆಯಬೇಕು, ಆಮೇಲೆ "ಅರ್ಜಿ ಮತ್ತೆ ಹಾಕಿ" ಎಂದು ಸೈಟಿನಲ್ಲಿ ಒಂದು ಸಾಲು ಬರೆದರಾಯಿತು. ಕೂಲಿಯವರು ಸಂಜೆಯೊಳಗೆ ಅದನ್ನು ಓದಿ ಮತ್ತೆ ಹಾಕುತ್ತಾರೆಂದು ನಂಬುವಷ್ಟು ಬುದ್ಧಿವಂತರು ಅವರು.

ಗುರುವಾರ ಸಂಜೆ ಸುಗಲಮ್ಮ ಗೇಟಿನ ಬಳಿ ಕಾದು ನಿಂತಿದ್ದಳು. "ಸಾಹೇಬ್ರ, ನಿನ್ನೆ ಫೋನಿನ್ಯಾಗ ಹಾಕಿಸೀವ್ರಿ. ಹಸರ ಗುರ್ತ ಬಂದೈತಿ. ಆದ್ರೂ ನಾಳಿಗಿ ಕೆಲ್ಸ ಬಿಟ್ಟು ಕಾಗದದ್ದೂ ಒಂದ ಕೊಟ್ಟು ಬರ್ಲೇನ್ರಿ?"

"ಯಾಕ ಬೇಕು? ಎಲ್ಲಾ ಸರಿ ಅದ, ಸುಮ್ನ ಹೋಗು," ಎಂದು ಅವರು ಲಿಫ್ಟ್ ಹತ್ತಿದರು.

ಶುಕ್ರವಾರ ಭರತ ಯಾವುದೋ ಕೆಲಸಕ್ಕೆ ಲಿಂಗಂಪಲ್ಲಿಗೆ ಹೋದವನು ಮೀಟಿಂಗನ್ನು ಸೋಮವಾರಕ್ಕೆ ಹಾಕಿದ. ಹರ್ಷದಾ ಮೂರು ಕುರ್ಚಿಯಾಚೆ ಕೂತಿದ್ದಳು. ತಾವಾಗಿ ಎದ್ದು ಹೋಗಿ ಹೇಳುವುದೆಂದರೆ ರಂಗೋಲಿಯವಳಿಗೆ ಸಹಾಯ ಮಾಡಿದಂತೆ. ದತ್ತಾತ್ರೇಯ ಏಳಲಿಲ್ಲ. ಊಟ ಮಾಡಿದರು, ಚಹಾ ಕುಡಿದರು, ಗಡಿಯಾರ ನೋಡಿದರು. ಐದಕ್ಕೆ ಸರಿಯಾಗಿ ಸೈಟು ಮುಚ್ಚಿಕೊಂಡಿತು. ಹಾಗೆ ಮುಚ್ಚಿಸುವ ಕೋಡಿನ ಸಾಲು ಅವರದೇ, ಅದರಲ್ಲೂ ತಪ್ಪಿರಲಿಲ್ಲ.

ಸೋಮವಾರ ಮೀಟಿಂಗಿನಲ್ಲಿ ದತ್ತಾತ್ರೇಯ, ಸರ್ವರು ತಳ್ಳಿಹಾಕಿದ್ದ ಮುನ್ನೂರ ಹದಿನಾರು ಅರ್ಜಿಗಳ ಲಾಗನ್ನು ಗೋಡೆಯ ಮೇಲೆ ತೋರಿಸಿದರು. ಹರ್ಷದಾ ಅಳಲಿಲ್ಲ. "ತಪ್ಪ ನಂದ ಅದ್ರಿ," ಎಂದು ಅಲ್ಲೇ ಕೂತು ಸರಿಪಡಿಸಿದಳು. ಆದರೆ ಟ್ರಸ್ಟಿನವರು ಶನಿವಾರವೇ ಕಾಗದದ ಅರ್ಜಿಗಳಿಂದಲೇ ಸೀಟು ತುಂಬಿ ಪಟ್ಟಿ ಅಂಟಿಸಿ ಆಗಿತ್ತು. ಭರತ ಅವಳನ್ನು ಬೈದು, ತಪ್ಪು ಹಿಡಿದ ದತ್ತಾತ್ರೇಯರಿಗೆ ಶಹಬ್ಬಾಸ್ ಹೇಳಿದ. ಇಂಥವರಿಗೆ ಶಹಬ್ಬಾಸ್ ಸಿಗುವುದು ಹೊಸದೇನಲ್ಲ.

ಸಂಜೆ ಮೆಟ್ರೋ ಇಳಿದು ಬಂದರೆ ಗೇಟಿನಲ್ಲಿ ಸುಗಲಮ್ಮ, ಪಕ್ಕದಲ್ಲಿ ಸುವರ್ಣಾ.

"ಪಟ್ಟಿಯೊಳಗ ಹೆಸರಿಲ್ರಿ. ಅರ್ಜಿನ ಬಂದಿಲ್ಲಂತ."

"ಸರ್ವರಿಂದೇನೂ ತಪ್ಪಿಲ್ಲ," ಎಂದರು ದತ್ತಾತ್ರೇಯ. ಹೊಗಳಿಕೆಯ ಅಮಲು ಇನ್ನೂ ಇಳಿದಿರಲಿಲ್ಲ. "ಆಫೀಸಿನ್ಯಾಗ ಒಬ್ಬಾಕಿ ಹುಡುಗಿ ಇದ್ದಾಳ, ಅಕಿ ಮಾಡಿದ ಎಡವಟ್ಟು. ನಾ ಮಂಗಳವಾರನ ಹಿಡದಿದ್ದೆ."

ಸುಗಲಮ್ಮ ಮನಸ್ಸಿನಲ್ಲೇ ದಿನ ಎಣಿಸಿದಳು.

"ಮಂಗಳವಾರನ ಗೊತ್ತಿತ್ತೇನ್ರಿ?"

"ಮತ್ತ? ಮುಂಜಾನೆನ."

"ಬೇಸ್ತವಾರ ನಾ ಕೇಳಿದ್ನೆಲ್ರಿ, ಕಾಗದ ಕೊಟ್ಟು ಬರ್ಲೇನು ಅಂತ."

ದತ್ತಾತ್ರೇಯ ಲಿಫ್ಟಿನ ಕಡೆ ತಿರುಗಿದರು. ಸುಗಲಮ್ಮ ಉತ್ತರಕ್ಕೆ ಕಾಯಲಿಲ್ಲ. ಮೊಮ್ಮಗಳ ಕೈ ಹಿಡಿದಳು.

"ನಡಿಯವ್ವ. ಹಳೇ ಸೀರಿ ಹರದು ನಿನಗೂ ಒಂದು ಸಿಂಬಿ ಮಾಡಿಕೊಡ್ತೀನಿ."