ಹಿಂದೆ ಸರಿಯುವುದನ್ನು ಕಲಿಸಿದ ವೀರಶೆಟ್ಟಿ ಮಾಸ್ತರರು

ಬಾಕ್ಸಿಂಗ್ ಕಲಿಸುವ ಮನುಷ್ಯನಿಗೆ ಅಷ್ಟು ನೆಟ್ಟಗಿನ ಮೂಗು ಇರಬಾರದು. ವೀರಶೆಟ್ಟಿ ಮಾಸ್ತರರಿಗೆ ಇತ್ತು. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವ ಡ್ರೈವರುಗಳಿಗೆ ಅದೇ ತಮಾಷೆ: ಮಾಸ್ತರರು ಹೈದರಾಬಾದಿನಲ್ಲಿ ಖರೇನೇ ಆಡಿ ಬಂದರೋ, ಟಿಕೀಟು ತೆಗೆದು ನೋಡಿ ಬಂದರೋ ಎಂದು. ಮಾಸ್ತರರಿಗೆ ಸಿಟ್ಟು ಬರುತ್ತಿರಲಿಲ್ಲ. "ಮೂಗು ಮುರಕೊಂಡಾಂವ ಆಡ್ಯಾನಂತ ಯಾರಂದ್ರು ನಿಮಗ? ಆಂವ ಹೊಡಸ್ಕೊಂಡಾನ, ಅಷ್ಟ" ಎನ್ನುವರು. ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿದು ತಮ್ಮ ಬಸ್ಸು ಹತ್ತುವರು.

ಹೌದು, ಅವರು ಬಸ್ ಕಂಡಕ್ಟರು. ಬಸವಕಲ್ಯಾಣಕ್ಕೆ ಹೋಗಿ ಬರುವುದು, ಚಿಟಗುಪ್ಪಕ್ಕೆ ಹೋಗಿ ಬರುವುದು, ದಿನವೆಲ್ಲ ಇದೇ. ಹರೆಯದಲ್ಲಿ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಗ ಹಚ್ಚಿಕೊಂಡ ಬಾಕ್ಸಿಂಗ್ ಹುಚ್ಚು, ನೌಕರಿ ಸಿಕ್ಕು ಊರಿಗೆ ಬಂದಮೇಲೂ ಬಿಡಲಿಲ್ಲ. ತೊಗರಿ ಬೇಳೆ ಮಿಲ್ಲಿನ ಹಿಂದೆ ಒಂದು ತಗಡಿನ ಶೆಡ್ಡನ್ನು ಕೇಳಿ ಪಡೆದು, ಗೋಣಿಚೀಲಕ್ಕೆ ಹೊಟ್ಟು ತುಂಬಿ ತೂಗುಹಾಕಿ, ಡ್ಯೂಟಿ ಇಲ್ಲದ ಸಂಜೆ ಕಲಿಸುತ್ತಿದ್ದರು. ಊರಿನ ಹುಡುಗರಿಗೆ ಕುಸ್ತಿಯೇ ಹೆಚ್ಚು. ಹಾಗಾಗಿ ಇವರ ಪಾಲಿಗೆ ಬಂದವರೆಲ್ಲ ಹುಡುಗಿಯರೇ, ಅವರಲ್ಲಿ ನಾನೂ ಒಬ್ಬಳು. ಗುದ್ದಿದರೆ ಚೀಲದಿಂದ ಧೂಳೆದ್ದು ಎಲ್ಲರೂ ಸೀನುತ್ತಿದ್ದೆವು.

ಹುಡುಗಿಯರನ್ನು ಬಾಕ್ಸಿಂಗಿಗೆ ಕಳಿಸುವ ತಾಯಂದಿರು ನಮ್ಮ ಕಡೆ ಎಲ್ಲಿದ್ದಾರೆ? ಮಾಸ್ತರರು ಮನೆಮನೆಗೆ ಹೋಗುತ್ತಿದ್ದರು. ನಮ್ಮ ಮನೆಗೂ ಬಂದರು. ನಮ್ಮವ್ವ ಕಿರಾಣಿ ಅಂಗಡಿಯ ಗಲ್ಲೆಯ ಮೇಲಿಂದಲೇ, ಮುಖ ಮೂತಿ ಒಡೆದುಕೊಂಡ ಹುಡುಗಿಯನ್ನು ನಾಳೆ ಯಾರು ಮಾಡಿಕೊಳ್ಳುತ್ತಾರೆ ಎಂದು ಕೇಳಿದಳು. ಮಾಸ್ತರರು ಕೈ ಮುಗಿದು ನಿಂತರು. "ಅಕ್ಕಾ, ನಿಮ್ಮ ಮಗಳ ಮುಖ ಹ್ಯಾಂಗ ಕೊಟ್ಟೀರಿ, ಹಂಗೇ ವಾಪಸ್ ಕೊಡ್ತೀನಿ. ನನ್ನ ಮಾತದು." ಇದೇ ಮಾತನ್ನು ಅವರು ಪ್ರತಿ ತಾಯಿಗೂ ಕೊಟ್ಟಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಅವರಿಗಿದ್ದ ದಾರಿ ಒಂದೇ, ನಮಗೆ ಏಟು ತಪ್ಪಿಸಿಕೊಂಡು ಹಿಂದೆ ಸರಿಯುವುದನ್ನು ಕಲಿಸುವುದು.

ಅದನ್ನು ಅವರು ಬಸ್ಸಿನಲ್ಲಿ ಕಲಿಸುತ್ತಿದ್ದರು. ಸಂತೆಯ ದಿನ ಕಾಲಿಡಲು ಜಾಗವಿಲ್ಲದ ಬಸ್ಸಿಗೆ ನಮ್ಮನ್ನು ಹತ್ತಿಸಿ, ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನ ತನಕ ಯಾರ ಕಾಲನ್ನೂ ತುಳಿಯದೆ, ಯಾರ ಭುಜಕ್ಕೂ ತಾಗದೆ ಹೋಗಿ ಬರಬೇಕು ಎನ್ನುವರು. ಅವರು ಟಿಕೀಟು ಹರಿಯುತ್ತ ನೀರಿನ ಹಾಗೆ ಹೋಗಿ ಬರುತ್ತಿದ್ದರು. ನಾನು ಹೊರಟ ಎರಡನೇ ಹೆಜ್ಜೆಗೇ ಕೊಡಂಬಲದ ಮುದುಕನೊಬ್ಬನ ಕಾಲು ತುಳಿದೆ. ಆತ ಬೈದ. ನಾನು ಬಿಡುತ್ತೇನೆಯೇ? ಕಾಲು ಚಾಚಿ ಕುಳಿತವನು ನೀನು ಎಂದು ಜಗಳಕ್ಕೇ ನಿಂತೆ. ಮಾಸ್ತರರು ನನ್ನ ಜಡೆ ಹಿಡಿದು ಎಳೆದು, ಮುದುಕನ ಕ್ಷಮೆ ಕೇಳಿ, ಈ ಪೋರಿ ಬರೇ ಹೊಡಿಯಾಕ ಹುಟ್ಟ್ಯಾಳ ಎಂದು ಗೊಣಗಿದರು. ಬೈದರೋ ಹೊಗಳಿದರೋ ನನಗೆ ತಿಳಿಯಲಿಲ್ಲ.

ನಾನು ಆಡಿ ಉದ್ಧಾರವಾಗಲಿಲ್ಲ. ಬಸವಕಲ್ಯಾಣದಲ್ಲಿ ವ್ಯಾಯಾಮ ಶಿಕ್ಷಕಿಯಾದೆ, ರೆಫ್ರಿ ತರಬೇತಿಯನ್ನೂ ಮುಗಿಸಿದೆ. ಮುಗಿಸಿ ಬಂದವಳು ನೇರ ಮಾಸ್ತರರ ಮನೆಗೆ ಹೋಗಿ, ರೊಟ್ಟಿ ಮುರಿಯುತ್ತಲೇ ಜಂಬದಿಂದ ನಿಯಮ ಹೇಳಿದೆ. ಹೊಡೆದಾಡದೆ ಬರೇ ತಪ್ಪಿಸಿಕೊಂಡು ತಿರುಗುವ ಆಟಗಾರ್ತಿಗೆ ಮೊದಲು ತಾಕೀತು ಮಾಡಬೇಕು, ಕೇಳದಿದ್ದರೆ ವಾರ್ನಿಂಗ್ ಕೊಡಬೇಕು, ವಾರ್ನಿಂಗ್ ಕೊಟ್ಟರೆ ಪಾಯಿಂಟ್ ಹೋಗುತ್ತದೆ. ಮಾಸ್ತರರು ಊಟ ಬಿಟ್ಟು ವಾದಕ್ಕೆ ಕುಳಿತರು. "ಹೊಡಿಯಾಕ ಬಂದಾಕಿಗೆ ಹೊಡಿಲಾಕ ಆಗಲಿಲ್ಲಂದ್ರ ಅದು ಆಕಿ ತಪ್ಪು. ತಪ್ಪಿಸ್ಕೊಂಡಾಕಿಗೆ ಯಾಕ ಶಿಕ್ಷಾ?" ರಿಂಗಿನೊಳಗೆ ಕಾಲಿಟ್ಟ ಮೇಲೆ ಇಬ್ಬರೂ ಆಡಬೇಕು, ಒಬ್ಬಳು ಬೆನ್ನಟ್ಟಿ ಇನ್ನೊಬ್ಬಳು ಓಡುವುದಾದರೆ ಅದಕ್ಕೆ ಹಗ್ಗ ಯಾಕೆ, ಬಯಲು ಸಾಲದೇ ಎಂದು ನಾನೂ ಏರುದನಿಯಲ್ಲೇ ಕೇಳಿದೆ. ಅವರ ಹೆಂಡತಿ ಬಂದು, ಜಗಳಾಡುವುದಿದ್ದರೆ ಶೆಡ್ಡಿಗೆ ಹೋಗಿ ಎಂದು ಇಬ್ಬರ ತಾಟಿಗೂ ಇನ್ನೊಂದೊಂದು ರೊಟ್ಟಿ ಹಾಕಿದರು. ವಾದ ತೀರ್ಮಾನವಾಗಲಿಲ್ಲ.

ಮಾಸ್ತರರ ನಿವೃತ್ತಿ ಹತ್ತಿರ ಬಂದಾಗ ಅಂಬಿಕಾ ಸಿಕ್ಕಳು. ದುಬಲಗುಂಡಿಯ ಹುಡುಗಿ. ತಾಯಿ ಸುಭದ್ರಾಬಾಯಿ ಹೊಲದ ಕೂಲಿಗೆ ಹೋಗುವಾಕೆ. ಆ ಹುಡುಗಿಯ ಕಾಲು ಅಂದರೆ ಕಾಲು! ಅಷ್ಟು ವರ್ಷ ಕಲಿಸಿದರೂ ಮಾಸ್ತರರ ಕೈಯಿಂದ ಒಬ್ಬಳೂ ರಾಜ್ಯಮಟ್ಟಕ್ಕೆ ಹೋಗಿರಲಿಲ್ಲ. ಬಸವಕಲ್ಯಾಣದ ಮದುವೆ ಹಾಲ್‌ನಲ್ಲಿ ನಡೆದ ಜಿಲ್ಲಾ ಫೈನಲ್ ಗೆದ್ದರೆ ಇವಳು ಹೋಗುತ್ತಿದ್ದಳು. ಅವರು ಇಷ್ಟು ಆಸೆಪಟ್ಟದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. ಅವತ್ತು ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ.

ಹೊರಗಿನಿಂದ ಬರಬೇಕಿದ್ದ ರೆಫ್ರಿ ಬರಲಿಲ್ಲ. ಇದ್ದವಳು ನಾನೊಬ್ಬಳೇ. ಎದುರಿನ ಕೋಚು, ಈಕೆ ಅವರದೇ ಶಿಷ್ಯೆ ಎಂದು ಮುಖ ಗಂಟಿಕ್ಕಿದ. ಅದರಲ್ಲಿ ತಪ್ಪೇನಿಲ್ಲ, ನಾನಾಗಿದ್ದರೆ ಇನ್ನೂ ಗಲಾಟೆ ಮಾಡುತ್ತಿದ್ದೆ. ಜಗದೇವಿ ಯಾರ ಮುಲಾಜೂ ನೋಡುವವಳಲ್ಲ, ಆಕೆಯೇ ನಿಲ್ಲಲಿ ಎಂದು ನನ್ನ ಹೆಸರು ಹಿಡಿದು ಹೇಳಿದವರು ಮಾಸ್ತರರೇ.

ಎರಡು ರೌಂಡು ಅಂಬಿಕಾ ಚೆನ್ನಾಗಿಯೇ ಆಡಿದಳು. ಎರಡನೆಯದರ ಕೊನೆಗೆ ಎಡಗಣ್ಣಿನ ಕೆಳಗೆ ಒಂದು ಏಟು ಬಿದ್ದು ಊದಿಕೊಳ್ಳತೊಡಗಿತು. ಆಟ ನಿಲ್ಲಿಸುವಂಥದ್ದಲ್ಲ. ಆದರೆ ಮೂರನೇ ರೌಂಡಿನಲ್ಲಿ ಆಕೆ ಕೈಯನ್ನೇ ಎತ್ತಲಿಲ್ಲ, ಹಗ್ಗದ ಗುಂಟ ಸುತ್ತುವುದೊಂದೇ. ಆಡು ಎಂದೆ. ಆಡಲಿಲ್ಲ. ನಿಲ್ಲಿಸಿ ತಾಕೀತು ಮಾಡಿದೆ. ಮತ್ತೆ ಸುತ್ತಿದಳು. ಮೂಲೆಯ ಕಡೆ ನೋಡಿದರೆ ಮಾಸ್ತರರು ಅಂಗೈ ಅಲ್ಲಾಡಿಸಿ ಹಿಂದೆ, ಹಿಂದೆ ಎಂದು ಸನ್ನೆ ಮಾಡುತ್ತಿದ್ದಾರೆ. ಆಟ ನಿಲ್ಲಿಸಿ, ತೀರ್ಪುಗಾರರ ಕಡೆ ತಿರುಗಿ ವಾರ್ನಿಂಗ್ ಕೊಟ್ಟೆ. ಅದೇ ಪಾಯಿಂಟಿನಿಂದ ಅಂಬಿಕಾ ಸೋತಳು. ಇವತ್ತು ಅದೇ ಆಟ ಮತ್ತೆ ನಡೆದರೂ ನಾನು ಕೊಡುವುದು ಅದನ್ನೇ. ಆದರೆ ಗೆದ್ದ ಹುಡುಗಿಯ ಕೈ ಎತ್ತುವಾಗ ಮಾಸ್ತರರ ಮುಖ ನೋಡುವ ಧೈರ್ಯ ಮಾತ್ರ ನನಗಿರಲಿಲ್ಲ.

ಹಾಲ್‌ನ ಹಿಂದೆ ನಲ್ಲಿಯ ಹತ್ತಿರ ಅಂಬಿಕಾ ಅಳುತ್ತ ಮುಖ ತೊಳೆಯುತ್ತಿದ್ದಳು. ಮಾಸ್ತರರು ಸುಭದ್ರಾಬಾಯಿಯ ಮುಂದೆ ತಲೆ ತಗ್ಗಿಸಿ, ಕಣ್ಣಿನ ಕೆಳಗಿನ ಬಾವು ಇಳಿಯುತ್ತದೆ, ಕಲೆ ಉಳಿಯುವುದಿಲ್ಲ, ಅದಕ್ಕೇ ದೂರ ಇರು ಎಂದು ಹೇಳಿದೆ ಅನ್ನುತ್ತಿದ್ದರು. ನನ್ನ ತಲೆಗೆ ಆಗ ಹೊಳೆಯಿತು. ಆಸೆಪಟ್ಟ ಆ ಗೆಲುವಿಗಿಂತ, ಆ ತಾಯಿಗೆ ಕೊಟ್ಟ ಮಾತು ಅವರಿಗೆ ದೊಡ್ಡದಾಗಿತ್ತು.

ಸುಭದ್ರಾಬಾಯಿ ಸೆರಗಿನಿಂದ ಮಗಳ ಮುಖ ಒರೆಸಿ ಇವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಮುಖ ಕೆಡಬಾರದಂತ ನಾ ಯಾವಾಗೋ ಅಂದಿದ್ದೆ, ಮಾಸ್ತರ್ರೇ. ಆಗ ನನಗೇನು ಮಾಲೂಮ್ ಇತ್ತು? ಈಗ ಆಕಿ ಆಡೋದು ನೋಡೀನಿ. ಹೊಡಸ್ಕೊಂಡ್ರ ಹೊಡಸ್ಕೋತಿದ್ಳು, ಗೆದ್ದು ಬರ್ತಿದ್ಳು. ನನ್ನ ಒಂದ ಸಲನೂ ಕೇಳಲಿಲ್ಲ ನೀವು." ನಾನು ಅಲ್ಲಿಂದ ಮೆಲ್ಲಗೆ ಸರಿದುಬಂದೆ.

ಕೆಲವು ವಾರ ಅವರ ಸುದ್ದಿಯಿರಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡು ನಾನೂ ಸಿಟ್ಟಾದೆ. ಬೇರೇನು ಮಾಡಲಿ? ಅಳು ಬಂದರೂ ನನಗೆ ಸಿಟ್ಟಾಗಿಯೇ ಬರುತ್ತದೆ. ಒಂದು ದಿನ ಶಾಲೆಯ ಮೈದಾನಕ್ಕೆ ಅಂಬಿಕಾಳನ್ನು ಕರೆದುಕೊಂಡು ಬಂದರು. "ಮುಂದ ಹೋಗು ಅಂತ ಹೇಳ್ಲಾಕ ನನಗ ಬಾಯಿ ಬರಂಗಿಲ್ಲ, ಜಗದೇವಿ. ಏಟು ಬೀಳ್ತದಂದ್ರ ನನ್ನ ಜೀವಾ ಹಿಂದಕ್ಕ ಎಳಿತದ. ನೀ ಕಲಸು ಇಕಿಗಿ." ವಾರ್ನಿಂಗಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂಬಿಕಾ ಅವತ್ತಿನಿಂದ ನನ್ನ ಹತ್ತಿರ ಕಲಿಯತೊಡಗಿದಳು.

ಮುಂದಿನ ವರ್ಷದ ಫೈನಲ್ ಹುಮನಾಬಾದಿನಲ್ಲಿ. ನಾನು ಮಾಸ್ತರರನ್ನು ನೋಡಿದ್ದು ಅದೇ ಕೊನೆ. ಅಂಬಿಕಾ ರಾಜ್ಯದ ಆಟಕ್ಕೆ ಹೊರಡುವ ಮೊದಲೇ ಅವರು ಎದೆನೋವಿನಿಂದ ತೀರಿಕೊಂಡರು. ಫೈನಲ್ ದಿನ ನಾನು ಅಂಬಿಕಾಳ ಮೂಲೆಯಲ್ಲಿದ್ದೆ, ರೆಫ್ರಿ ಬೇರೆ ಯಾರೋ. ಮಾಸ್ತರರು ಸುಭದ್ರಾಬಾಯಿಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು. ಹೊಡೆದಳಾ ಎಂದು ಅವರು ಕೇಳುವುದು, ಹೊಡೆದಳ್ರಿ ಎಂದು ಆಕೆ ಹೇಳುವುದು, ಮೂರು ರೌಂಡೂ ಇದೇ. ಹೊಡೆಸಿಕೊಂಡಳಾ ಎಂದು ಕೇಳಿದಾಗಲೂ ಆಕೆ ಸುಳ್ಳು ಹೇಳಲಿಲ್ಲ.

ಅಂಬಿಕಾ ಗೆದ್ದಳು. ತುಟಿ ಒಡೆದಿತ್ತು. ಮಾಸ್ತರರು ಗಲ್ಲ ಹಿಡಿದು ಆಕೆಯ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು.

"ಹ್ವಾದ ವರ್ಷ ನೀ ಕಳದ್ಯಲ್ಲ ಆ ಪಾಯಿಂಟು, ಅದು ಆಕಿದಲ್ಲ. ನಂದು. ಬರೋಬರ್ ಕಳದಿ, ತಂಗಿ."

ಮಾತಿಗೆ ಮಾತು ಬಿಡದವಳು ನಾನು. ಅವತ್ತು ಮಾತ್ರ ಬಗ್ಗಿ ಅವರ ಕಾಲು ಮುಟ್ಟಿದೆ. ಯಾರಿಗೂ ಕಾಲು ಮುಟ್ಟಗೊಡದ ಮನುಷ್ಯ ಹಿಂದೆ ಸರಿಯದೆ ನಿಂತಲ್ಲೇ ನಿಂತಿದ್ದರು.