ಹುಳುಗಳಿಗೆ ಹೊದಿಸಿದ ಸ್ವೆಟರ್

ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ ಮೇಲೆ, ಕಾಫಿಗೂ ಮೊದಲು, ನರಸಮ್ಮ ರೇಷ್ಮೆ ಹುಳದ ಮನೆಯ ಬಾಗಿಲು ತೆರೆದು ಹೊಸಿಲಲ್ಲಿ ನಿಲ್ಲುತ್ತಾಳೆ. ಕಣ್ಣು ಮುಚ್ಚಿ, ಕೈಯನ್ನು ಮಗುಚಿ ಗಾಳಿಗೆ ಒಡ್ಡಿ, "ಇಪ್ಪತ್ನಾಕು" ಎನ್ನುತ್ತಾಳೆ. ಸೊಸೆ ಶ್ಯಾಮಲ ಗೋಡೆಯ ಥರ್ಮಾಮೀಟರ್ ನೋಡಿ "ಇಪ್ಪತ್ಮೂರು ಅತ್ತೆ" ಎಂದರೆ, "ಅದುಕ್ಕೆ ವಯಸ್ಸಾತು, ಬುಡು" ಎಂದು ಒಳಗೆ ನಡೆಯುತ್ತಾಳೆ. ಮನೆಯಲ್ಲಿ ಹುಳು ಇರಲಿ, ಬಿಡಲಿ, ಈ ಕೆಲಸ ಒಂದು ದಿನವೂ ತಪ್ಪಿಲ್ಲ. ಥರ್ಮಾಮೀಟರ್ ಗೆದ್ದದ್ದೂ ಇಲ್ಲ.

ಅವಳು ನಂಬುವುದು ಮೂರನ್ನು: ಗಂಗಮ್ಮ ತಾಯಿ, ತನ್ನ ಕೈ ಮತ್ತು ರಾಹುಕಾಲ. ಹೋದ ಪುಷ್ಯ ಮಾಸದಲ್ಲಿ ಅವಳನ್ನು ಫಜೀತಿಗೆ ಸಿಕ್ಕಿಸಿದ್ದು ಈ ಮೂರನೆಯದು.

ಅವತ್ತು ಭಾನುವಾರ. ಮರಿಗಳನ್ನು ಮೊದಲ ಕೆಲವು ದಿನ ಸಾಕಿ ಕೊಡುವ, ಬೇತಮಂಗಲದ ಕಡೆಯ ಚಾಕಿ ಕೇಂದ್ರದಿಂದ ನೂರು ಮೊಟ್ಟೆಯ ಮರಿಹುಳುಗಳನ್ನು ತರಬೇಕಿತ್ತು. ಒಂದು ಚಿಟ್ಟೆ ಇಟ್ಟ ನಾನೂರೈನೂರು ತತ್ತಿ ಸೇರಿ ರೈತರ ಲೆಕ್ಕದಲ್ಲಿ ಒಂದು ಮೊಟ್ಟೆ. ಲಗೇಜ್ ಆಟೋದ ಆರುಮುಗಂ ಮಧ್ಯಾಹ್ನವೇ ಬಂದಿದ್ದ. ಟ್ರೇಗಳನ್ನೆಲ್ಲ ಹತ್ತಿಸಿ ಆಗುವಾಗ ಗಂಟೆ ನಾಲ್ಕೂವರೆ. ರಾಹುಕಾಲ ಶುರು. ನರಸಮ್ಮ ಕೇಂದ್ರದ ಜಗಲಿಯ ಮೇಲೆ ಕಾಲು ಚಾಚಿ ಕೂತುಬಿಟ್ಟಳು.

"ಅಕ್ಕಾ, ಹೋಗೋಣ. ಬಿಸಿಲು ಇರುವಾಗಲೇ ಮನೆ ಸೇರಬೋದು" ಎಂದ ಆರುಮುಗಂ.

"ಆರು ಗಂಟೆ ಆಗ್ಲಿ. ಒಳ್ಳೆ ಒತ್ತಲ್ಲಿ ಒರಟ್ರೆ ದಾರೀಲಿ ಏನೂ ಆಗಕ್ಕಿಲ್ಲ."

ಆರು ಹೊಡೆದ ಮೇಲೆ, ದಿಕ್ಕು ನೋಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟರು. ಕೋರಮಂಡಲ್ ದಾಟಿ, ಮುಚ್ಚಿದ ಚಿನ್ನದ ಗಣಿಯ ಬೂದು ಮಣ್ಣಿನ ದಿಬ್ಬದ ಬಗಲಿಗೆ ಬರುತ್ತಲೇ ಗಾಡಿ ಟಕ್ ಎಂದು ನಿಂತಿತು. ಆರುಮುಗಂ ಕೆಳಗೆ ಬಗ್ಗಿ ನೋಡಿ ಎದ್ದ.

"ಆಕ್ಸಲ್ ಕಟ್, ಅಕ್ಕಾ. ರಾಹು ಅಲ್ಲಿಂದ ನಮ್ಮ ಜತೆಗೇ ಬಂದಿದಾನೆ."

ಊರಿಗಾಂನ ಮೆಕ್ಯಾನಿಕ್ ಗಿರಿಗೆ ಫೋನು ಹೋಯಿತು. "ಹತ್ತು ನಿಮಿಷ, ಬತ್ತಾ ಇದೀನಿ" ಎಂದ. ಎಂಟಕ್ಕೂ ಹತ್ತು ನಿಮಿಷ ಎಂದ, ಹತ್ತಕ್ಕೂ ಹತ್ತು ನಿಮಿಷ ಎಂದ. ಆಮೇಲೆ ಫೋನೇ ಎತ್ತಲಿಲ್ಲ. ನರಸಮ್ಮನ ಊರಲ್ಲಿದ್ದ ಒಂದೇ ಟೆಂಪೋ ಟೊಮೊಟೊ ಹೊತ್ತು ಮಂಡಿಗೆ ಹೋಗಿತ್ತು. ಮಗ ಮೊಪೆಡ್‌ನಲ್ಲಿ ಬರುತ್ತೇನೆಂದ. "ನನ್ನ ಕರಕೊಂಡೋದ್ರೆ ಹುಳು ಏನ್ ನಡಕೊಂಡ್ ಬತ್ತಾವಾ?" ಎಂದು ಅವನನ್ನು ಫೋನಿನಲ್ಲೇ ಬೈದು ಮಲಗಿಸಿದಳು.

ಭಯ ಒಂದೇ ಇತ್ತು. ಮರಿಗಳು ಎರಡನೇ ಜ್ವರಕ್ಕೆ ಕೂತಿದ್ದವು. ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಚರ್ಮ ಬದಲಿಸುವ ಮೊದಲು ಅಲುಗಾಡದೆ ಕೂರುವುದನ್ನು ರೈತರು ಜ್ವರ ಎನ್ನುತ್ತಾರೆ. ಆಗ ಚಳಿ ಹೊಡೆದರೆ ಕೆಲವು ಏಳುತ್ತವೆ, ಕೆಲವು ಏಳುವುದೇ ಇಲ್ಲ. ಇಡೀ ಬೆಳೆ ಕೈ ಬಿಟ್ಟಂತೆ. ದಿಬ್ಬದ ಕಡೆಯಿಂದ ಬೀಸುವ ಗಾಳಿ ಟಾರ್ಪಾಲಿನ ಸಂದಿಯಲ್ಲಿ ನುಗ್ಗುತ್ತಿತ್ತು.

ಆರುಮುಗಂ ಒಣಕಡ್ಡಿ ಆರಿಸಿ ತಂದು ಗಾಡಿಯ ಪಕ್ಕದಲ್ಲೇ ಬೆಂಕಿ ಹಾಕಲು ಹೋದ.

"ಏಯ್, ಒಗೆ! ಒಗೆ ತಾಕಿದ್ರೆ ಹುಳು ಉಳಿಯಾಕಿಲ್ಲ. ಆ ಕಡೆ ಓಗು, ಇನ್ನೂ ಆ ಕಡೆ!"

ಅವನು ಗಾಳಿ ಹೋಗುವ ದಿಕ್ಕಿಗೆ ಐವತ್ತು ಹೆಜ್ಜೆ ಹೋದ. ಅಲ್ಲಿ ಬೆಂಕಿ ಹಾಕಿ, ಬೀಡಿ ಹಚ್ಚಿ, ಸುಖವಾಗಿ ಕೂತ. ನರಸಮ್ಮ ಗಾಡಿಯೊಳಗೆ ಟ್ರೇಗಳ ನಡುವೆ ಕೂತಳು. ತನ್ನ ಶಾಲು ತೆಗೆದು ಹೊದಿಸಿದಳು. ಸಾಲಲಿಲ್ಲ. ಸ್ವೆಟರ್ ಬಿಚ್ಚಿ ಹೊದಿಸಿದಳು. ಟ್ರೇಗೆ ಕೈ ಹಿಂಭಾಗ ಇಟ್ಟು ನೋಡಿದರೆ ಹತ್ತೊಂಬತ್ತು. ಇಲ್ಲಿ ಜಗಳಕ್ಕೆ ಥರ್ಮಾಮೀಟರೂ ಇರಲಿಲ್ಲ.

"ಹುಳಕ್ಕೆ ಸ್ವೆಟರ್, ಮನುಷ್ಯರಿಗೆ ಚಳಿ!" ಆರುಮುಗಂ ಅಲ್ಲಿಂದಲೇ ಕೂಗಿದ. "ನಮ್ಮಪ್ಪ ಇದೇ ಮಣ್ಣಿನ ಕೆಳಗೆ ಬೆವರು ಸುರಿಸ್ಕೊಂಡು ಅಂಗಿ ಬಿಚ್ಚಿ ಕೆಲಸ ಮಾಡ್ತಿದ್ರು, ಅಕ್ಕಾ. ಗಣಿ ಮುಚ್ಚದೇ ಇದ್ದಿದ್ರೆ ಲಿಫ್ಟಲ್ಲಿ ನಿಮ್ಮ ಹುಳಾನ ಕೆಳಗೆ ಇಳಿಸ್ತಿದ್ದೆ. ಮುರುಗನ ಆಣೆ."

ನರಸಮ್ಮ ನಗಲಿಲ್ಲ, ಯೋಚಿಸಿದಳು. ಬಿಸಿ ಬೇಕು, ಹೊಗೆ ಬೇಡ.

"ಆರುಮುಗಂ, ಬೆಂಕಿಗೆ ಗುಂಡುಕಲ್ಲು ಆಕು. ಕಾದ ಮೇಲೆ ಗೋಣಿಚೀಲದಲ್ಲಿ ಸುತ್ಕೊಂಡ್ ಬಾ. ಬರೋವಾಗ ಬಾಯಿ ಮುಚ್ಕೊಂಡ್ ಬಾ, ಬೀಡಿ ವಾಸ್ನೆ!"

ಆ ರಾತ್ರಿ ಆರುಮುಗಂ ಒಂದು ಕೈಯಲ್ಲಿ ಕಲ್ಲಿನ ಗಂಟು, ಇನ್ನೊಂದು ಕೈಯಲ್ಲಿ ಬಾಯಿಗೆ ಟವಲು ಹಿಡಿದುಕೊಂಡು ಎಷ್ಟು ಸಲ ಓಡಾಡಿದನೋ ಲೆಕ್ಕವಿಲ್ಲ. ನರಸಮ್ಮ ಟ್ರೇಗಳ ಕೆಳಗೆ ಬಿಸಿ ಗಂಟು ಸರಿಸುವುದು, ಆರಿದ್ದನ್ನು ತೆಗೆಯುವುದು, ನಡುವೆ "ಅಮ್ಮಾ ಗಂಗಮ್ಮ, ನಿಂಗೂ ಚಳಿ ಆಯ್ತದೆ, ಗೊತ್ತು. ಆದ್ರೂ ಒಸಿ ನೋಡ್ಕೊ" ಎನ್ನುವುದು. ಮೂರರ ಹೊತ್ತಿಗೆ ಅವಳ ಹಲ್ಲು ಕಟಕಟ ಎನ್ನುವುದು ಕಲ್ಲು ತಂದ ಅವನಿಗೂ ಕೇಳಿಸಿತು.

"ಐದು ನಿಮಿಷ ಬೆಂಕಿ ಹತ್ರ ಬನ್ನಿ ಅಕ್ಕಾ. ನೀವು ಸತ್ರೆ ಹುಳು ಯಾರಿಗೆ?"

"ಸೀರೇಲಿ ಒಗೆ ಕೂತ್ಕೊಂಡ್ರೆ ಆಮೇಲೆ ಒಳಗೆ ಎಂಗ್ ಬರ್ಲಿ? ಆ ಕಲ್ಲು ಒಂದು ನನ್ ಮಡ್ಲಿಗೂ ಕೊಡು, ಸಾಕು."

ಅವನು ಎರಡು ಕೊಟ್ಟ. ಒಂದನ್ನು ಅವಳು ಟ್ರೇ ಕೆಳಗೆ ತಳ್ಳಿದ್ದನ್ನು ನೋಡಿಯೂ ನೋಡದವನಂತೆ ಮತ್ತೊಂದು ತಂದ.

ಆರೂವರೆಗೆ ಗಿರಿ ಬಂದ. ತಲೆಗೆ ಮಂಕಿ ಕ್ಯಾಪು, ಮುಖದ ತುಂಬ ನಿದ್ದೆ. "ಹತ್ತೇ ನಿಮಿಷ ಅಂದಿದ್ನಲ್ಲಾ" ಎಂದ. ಬೈಯಲೂ ನರಸಮ್ಮನ ದವಡೆ ಆಡಲಿಲ್ಲ. ಅದು ಅವನ ಪುಣ್ಯ.

ಮನೆ ಸೇರಿದ ಮೇಲೆ ಸ್ನಾನ ಮಾಡಿ, ಕಾಫಿಯನ್ನೂ ಕುಡಿಯದೆ, ಅವಳು ಹುಳದ ಮನೆಯಲ್ಲಿ ಕೂತಳು. ಒಂಬತ್ತಾಯಿತು. ಮರಿಗಳು ತಲೆ ಎತ್ತಿ ಕೂತೇ ಇದ್ದವು. ಹತ್ತಾಯಿತು. ಶ್ಯಾಮಲ ಎರಡು ಸಲ ಇಣುಕಿ ಹೋದಳು. ಹನ್ನೊಂದರ ಹೊತ್ತಿಗೆ ಒಂದು ಮರಿ ಹಳೇ ಚರ್ಮ ಬಿಟ್ಟು ಮುಂದೆ ಸರಿಯಿತು. ಅದರ ಪಕ್ಕದ್ದು ಸರಿಯಿತು. ನೋಡನೋಡುತ್ತ ಟ್ರೇಗೆ ಟ್ರೇಯೇ ಅಲುಗಾಡತೊಡಗಿತು. ಎಲ್ಲವೂ ಪೂರ್ತಿ ಎದ್ದ ಮೇಲೇ ಸೊಪ್ಪು ಹಾಕಬೇಕೆಂದು ಅವಳು ಮಧ್ಯಾಹ್ನದವರೆಗೂ ಕಾದಳು. ಕಣ್ಣು ಒರೆಸಿಕೊಳ್ಳುವುದನ್ನು ಸೊಸೆ ನೋಡಿದಳು.

ಶ್ಯಾಮಲ ಕತ್ತರಿಸಿದ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹಿಡಿದು ಒಳಗೆ ಬಂದಳು. "ಅತ್ತೆ, ಕೂತ ಕಡೇನೇ ತೂಕಡಿಸ್ತಿದೀರ. ಓಗಿ ಮಲಕ್ಕೊಳಿ. ಮೊದಲ್ನೇ ಸೊಪ್ಪು ನಾನ್ ಆಕ್ತೀನಿ."

ನರಸಮ್ಮ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬ್ಯಾಡ ಕಣಮ್ಮ. ರಾತ್ರಿಯೆಲ್ಲಾ ನನ್ ಜತೇಲಿದ್ದೋವು. ನೀನಾದ್ರೆ ಅವಕ್ಕೆ ಒಸಬಳು."