ಇನ್ನೊಂದು ಬಣ್ಣದ ಮೇಡಂ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವ ಈ ಡಾಕ್ಟರಮ್ಮನಿಗೆ ಜಗತ್ತೇ ಒಂದು ಅನುಮಾನ. ಮಗಳು ಚುಕ್ಕಿ ಚುಕ್ಕಿಯ ಅಂಗಿ ತೊಟ್ಟರೆ ಕನ್ನಡಕ ಏರಿಸಿ ಚುಕ್ಕಿಗಳ ಅಂಚು ನೋಡುತ್ತಾರೆ. "ಅಮ್ಮಾ, ಇದು ಬಟ್ಟೆ, ಚರ್ಮ ಅಲ್ಲ!" ಎಂದು ಅವಳು ರೇಗಬೇಕು. ಹೆಂಗಸರ ಗುಪ್ತಾಂಗದ ಕರಿಮಚ್ಚೆಯ ಚೂರು ಪರೀಕ್ಷೆಗೆ ಬಂತೆಂದರಂತೂ ಲ್ಯಾಬಿನವರ ಕತೆ ಮುಗಿದಂತೆಯೇ. ಅಲ್ಲಿ ಬರೀ ಮಚ್ಚೆಯೂ ಮೆಲನೋಮ ಎಂಬ ಕ್ಯಾನ್ಸರೂ ಕೆಲವೊಮ್ಮೆ ಅವಳಿಜವಳಿಯಂತಿರುತ್ತವೆ. ಜೀವಕೋಶಗಳ ಗುಟ್ಟು ಬಿಟ್ಟುಕೊಡುವ ಮಾರ್ಕರ್ ಬಣ್ಣಗಳಲ್ಲಿ ಒಂದು ಹತ್ತಿದರೆ ಇವರಿಗೆ ಅನುಮಾನ, ಇನ್ನೊಂದು ಹತ್ತದಿದ್ದರೆ ಅನುಮಾನ. "ಇನ್ನೊಂದು ಬಣ್ಣ ಹಾಕಿ ನೋಡೋಣ" ಎನ್ನುತ್ತಲೇ ಇರುತ್ತಾರೆ. "ಮೇಡಂ, ಒಂದು ಬಣ್ಣ ಸಾಲಲ್ವಾ?" ಎಂದು ಸರ್ಜನ್ ಫೋನಿನಲ್ಲಿ ಗೋಗರೆದರೆ, "ಒಬ್ಬನೇ ಸಾಕ್ಷಿ ಮಾತು ಕೇಳಿ ಶಿಕ್ಷೆ ಕೊಡ್ತೀರೇನ್ರೀ? ಕತ್ತರಿಸೋರು ನೀವು, ಆಮೇಲೆ ಬದುಕಬೇಕಾದೋಳು ಅವಳು" ಎಂದು ಫೋನಿಟ್ಟುಬಿಡುತ್ತಾರೆ. ರೋಗಿಗಳನ್ನು ಕಾಣುವ ಕೆಲಸ ಅವರದಲ್ಲ. ಆದರೂ ಮೊನ್ನೆ ಐದನೆಯ ಬಣ್ಣವೂ ಒಳ್ಳೆಯ ಸುದ್ದಿಯನ್ನೇ ಹೇಳಿದಾಗ, ಲಿಫ್ಟಿಗೂ ಕಾಯದೆ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ, ರಿಪೋರ್ಟಿಗೆ ಕಾಯುತ್ತಿದ್ದ ಟೀಚರೊಬ್ಬರ ಮುಂದೆ ನಿಂತರು. "ಬರೀ ಮಚ್ಚೆ ಕಣಮ್ಮಾ, ಏನೂ ಇಲ್ಲ." ಟೀಚರ್ ಅಳತೊಡಗಿದರು. "ನಾಚಿಕೆ ಮೇಡಂ, ಐದು ವರ್ಷದಿಂದ ಯಾರಿಗೂ ಹೇಳಿರ್ಲಿಲ್ಲ." ಡಾಕ್ಟರಮ್ಮ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. "ನಮ್ಮಕ್ಕನೂ ಹೇಳಿರ್ಲಿಲ್ಲ. ಅವಳದು ಬರೀ ಮಚ್ಚೆ ಆಗಿರ್ಲಿಲ್ಲ."